ಪದಚರ್ಚೆ: ‘ಉದ್ದ ಹೆಜ್ಜೆ ಹಾಕು’ ಅನ್ನೋದಕ್ಕೆ ಬದಲು ಏನು ಕೂಗಬೇಕು?

ಗೆಳೆಯರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆ 100 ಮೀಟರ್, 200 ಮೀಟರ್ ಓಟ ಹೇಳಿಕೊಡುವ ಪಿಇ ಮೇಷ್ಟ್ರುಗಳಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಷಯದಲ್ಲಿ ತೊಡಕಿಲ್ಲ, ಪದಗಳದ್ದೇ ತಾಪತ್ರಯ. ನನಗೆ ನಿಘಂಟಿನ ಪದ ಬೇಕಿಲ್ಲ. ಸುಣ್ಣದ ಗೆರೆಯ ಆಚೆ ತುದಿಯಲ್ಲಿ ನಿಂತು ಕೂಗಿದರೆ, ಓಡುತ್ತಿರುವ ಹುಡುಗಿಯ ಕಿವಿಗೆ ಬಿದ್ದು ಅವಳು ಯೋಚನೆ ಮಾಡುವ ಮೊದಲೇ ಕಾಲು ಹೇಳಿದ ಕೆಲಸ ಮಾಡಬೇಕು, ಅಂಥ ಮಾತು ಬೇಕು. ಎರಡು ಅಕ್ಷರ, ಮೂರು ಅಕ್ಷರ, ಹೆಚ್ಚೆಂದರೆ ನಾಲ್ಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ‘ಹೆಜ್ಜೆ’.

ಯಾವ ತಾಲ್ಲೂಕು ಕ್ರೀಡಾಕೂಟಕ್ಕೆ ಬೇಕಾದರೂ ಹೋಗಿ, ಗೆರೆ ಪಕ್ಕದಲ್ಲಿ ನಿಂತವರು ಕೂಗುವುದು ಒಂದೇ: ‘ಉದ್ದ ಹೆಜ್ಜೆ ಹಾಕೋ! ಕಾಲು ಚಾಚೋ!’ ಪಾಪ, ಮಕ್ಕಳು ಹೇಳಿದ ಹಾಗೇ ಮಾಡುತ್ತಾರೆ. ಪಾದವನ್ನು ಮೈಗಿಂತ ತುಂಬಾ ಮುಂದೆ ಎಸೆಯುತ್ತಾರೆ, ಮಂಡಿ ನೆಟ್ಟಗಾಗುತ್ತದೆ, ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ. ಅಷ್ಟಾಯಿತು ಅಂದರೆ ಆ ಕಾಲು ಪ್ರತಿ ಸಲವೂ ಬ್ರೇಕ್ ಹಾಕಿದಂತೆ. ನೋಡುವವರಿಗೆ ಮಾತ್ರ ದೊಡ್ಡ ದಾಪುಗಾಲು!

ಲೆಕ್ಕದ ಮಟ್ಟಿಗೆ ಮೇಷ್ಟ್ರ ಮಾತು ಸುಳ್ಳಲ್ಲ. ಒಂದು ಹೆಜ್ಜೆಯ ಉದ್ದವನ್ನು ಸೆಕೆಂಡಿಗೆ ಎಷ್ಟು ಹೆಜ್ಜೆ ಅನ್ನೋದರಿಂದ ಗುಣಿಸಿದರೆ ಬರುವುದೇ ವೇಗ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ 100 ಮೀಟರಿಗೆ ಸುಮಾರು 41 ಹೆಜ್ಜೆ ಹಾಕಿದ್ದ. ಅಂದರೆ ಸರಾಸರಿ ಒಂದೊಂದು ಹೆಜ್ಜೆಯೂ 2.4 ಮೀಟರಿಗಿಂತ ಜಾಸ್ತಿ. ಆದರೆ ಆ ಉದ್ದ ಬಂದಿದ್ದು ಕಾಲು ಚಾಚಿದ್ದರಿಂದಲ್ಲ, ನೆಲವನ್ನು ಒತ್ತಿದ ಬಲದಿಂದ. ಬಲ ಹೆಚ್ಚಾದಷ್ಟೂ ಮೈ ಗಾಳಿಯಲ್ಲಿ ಹೆಚ್ಚು ದೂರ ಸಾಗುತ್ತದೆ. ಪೀಟರ್ ವೆಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ. ಪೂರ್ತಿ ವೇಗದಲ್ಲಿರುವಾಗ ಎತ್ತಿದ ಕಾಲನ್ನು ಮುಂದಕ್ಕೆ ತರಲು ಜೋರಾಗಿ ಓಡುವವರಿಗೂ ನಿಧಾನದವರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ದೊಡ್ಡ ವ್ಯತ್ಯಾಸ ಇರುವುದು ನೆಲದ ಮೇಲೆ ಹಾಕುವ ಬಲದಲ್ಲಿ.

ಈಗ ನಮ್ಮ ಕನ್ನಡ ನೋಡಿ. ಹೆಜ್ಜೆಯನ್ನು ‘ಇಡುತ್ತೇವೆ’, ‘ಹಾಕುತ್ತೇವೆ’, ‘ಊರುತ್ತೇವೆ’. ಮೂರೂ ಪಾದ ಹೋಗಿ ಕೂರುವ ಜಾಗದ ಕಡೆಗೇ ಗಮನ ಎಳೆಯುತ್ತವೆ. ಕೋಚ್‌ಗೆ ಬೇಕಾದದ್ದು ಪಾದ ತಾಗಿದ ಮೇಲೆ ಆಗುವ ಕೆಲಸದ ಪದ, ಅಲ್ವಾ? ನನ್ನ ಕೈಯಲ್ಲಿರುವ ಪದಗಳು ಇವು.

‘ತುಳಿ’. ಎಲ್ಲರಿಗೂ ಗೊತ್ತಿರುವ ಪದ. ತೊಂದರೆ ಏನೆಂದರೆ, ತುಳಿ ಅಂದ ಕೂಡಲೇ ಮಕ್ಕಳು ಕೆಸರು ತುಳಿಯುವವರ ಹಾಗೆ ಪಾದ ಪೂರ್ತಿ ಊರಿ ಧಪ್ ಧಪ್ ಅನ್ನಿಸುತ್ತಾರೆ. ಪೂರ್ತಿ ವೇಗದಲ್ಲಿ ಓಡುವ ಒಳ್ಳೆಯ ಓಟಗಾರನ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ತುಳಿಯುತ್ತಾ ಕೂರುವಷ್ಟು ಪುರುಸೊತ್ತು ಅಲ್ಲಿಲ್ಲ.

‘ಒದೆ’. ಬಲವಿದೆ, ಚುರುಕೂ ಇದೆ. ಆದರೆ ಒದೆ ಅಂದರೆ ಕಾಲು ಹಿಂದಕ್ಕೆ ಜಾಡಿಸುವುದು ಅಂತ ಕೆಲವರು, ಮುಂದಕ್ಕೆ ಬೀಸುವುದು ಅಂತ ಕೆಲವರು. ಚೆಂಡು ಒದ್ದು ಅಭ್ಯಾಸ ಇರುವವರು ಮುಂದಕ್ಕೇ ಬೀಸುತ್ತಾರೆ, ಮತ್ತೆ ಮೊದಲಿನ ಕಥೆ.

‘ಪುಟಿ’. ನನಗೆ ತುಂಬಾ ಇಷ್ಟವಾದ ಪದ, ತಾಗಿದ ಕೂಡಲೇ ಚಿಮ್ಮುವ ಗುಣ ಅದರಲ್ಲೇ ಇದೆ. ಆದರೆ ಅದು ಮೈಯನ್ನು ಮೇಲಕ್ಕೆ ಹಾರಿಸುತ್ತದೆ. ಮುಂದಕ್ಕೆ ಹೋಗುವವರಿಗೆ ಅಷ್ಟು ಸರಿಹೊಂದದು.

‘ಮೆಟ್ಟು’. ಸದ್ಯಕ್ಕೆ ನನ್ನ ಓಟು ಇದಕ್ಕೇ. ಕೆಳಮುಖವಾದ ಬಲ ಇದೆ, ಗಡುಸಾಗಿದೆ, ಕೂಗಿದರೆ ದ್ವಿತ್ವ ಇರೋದರಿಂದ ಚಾಟಿ ಬೀಸಿದ ಹಾಗೆ ಕೇಳುತ್ತದೆ. ‘ಸೊಂಟದ ಕೆಳಗೇ ಮೆಟ್ಟು’ ಅಂದರೆ ಪಾದ ಎಲ್ಲಿಗೆ ಬರಬೇಕು, ಏನು ಮಾಡಬೇಕು, ಎರಡೂ ಒಟ್ಟಿಗೇ ಹೇಳಿದಂತಾಯಿತು. ಕೆಲವು ಕಡೆ ಮೆಟ್ಟು ಅಂದರೆ ಚಪ್ಪಲಿ, ಆ ಊರುಗಳಲ್ಲಿ ಮಕ್ಕಳು ಕಿಸಕ್ಕನೆ ನಗಬಹುದು. ನಗಲಿ ಬಿಡಿ, ಮರೆಯುವುದಿಲ್ಲ.

ಆದರೆ ಇದು ಓಟದ ಎಲ್ಲ ಹಂತಕ್ಕೂ ಹೊಂದುವುದಿಲ್ಲ. ಮೊದಲ ಹತ್ತಿಪ್ಪತ್ತು ಮೀಟರ್ ಮೈ ಮುಂದಕ್ಕೆ ಬಾಗಿರುತ್ತದೆ, ಆಗ ಬೇಕಾದದ್ದು ನೆಲವನ್ನು ಹಿಂದಕ್ಕೆ ತಳ್ಳುವ ಕೆಲಸ. ಅದಕ್ಕೆ ‘ತಳ್ಳು’ ಅಂದರೆ ಸಾಕು ಅನ್ನಿಸುತ್ತದೆ, ‘ನೂಕು’ ಇನ್ನೂ ಚೆನ್ನ. ಉತ್ತರ ಕರ್ನಾಟಕದ ಕಡೆಯವರು ‘ದಬ್ಬು’ ಅಂದರೆ ಇನ್ನೂ ಬೇಗ ನಾಟುತ್ತದೆಯೇ? ಆ ಕಡೆಯವರೇ ಹೇಳಬೇಕು.

ಹಂತಗಳ ಹೆಸರಿಗೆ ಬರೋಣ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜವ, ವೇಗ, ವೇಗೋತ್ಕರ್ಷ ಅಂತ ಇದೆ. ಪರೀಕ್ಷೆಗೆ ಸರಿ. ‘ಇನ್ನೂ ವೇಗೋತ್ಕರ್ಷ ಬೇಕು ಕಣೋ’ ಅಂತ ಮೈದಾನದಲ್ಲಿ ಕೂಗಿದರೆ ಓಡುವವನು ನಿಂತು ತಿರುಗಿ ನೋಡುತ್ತಾನೆ! ಬಸ್ಸು ವೇಗ ಹಿಡಿಯಿತು ಅಂತ ದಿನವೂ ಹೇಳುತ್ತೇವಲ್ಲ, ಅದನ್ನೇ ತೆಗೆದುಕೊಂಡು ‘ವೇಗ ಹಿಡಿಯುವುದು’, ‘ಪೂರ್ತಿ ವೇಗ’, ‘ವೇಗ ಉಳಿಸಿಕೊಳ್ಳುವುದು’ ಅಂತ ಮೂರು ಮಾಡಿಕೊಂಡಿದ್ದೇನೆ. ಮೂರನೆಯದರ ಬಗ್ಗೆ ಮಾತ್ರ ಜಗಳಕ್ಕೂ ಸಿದ್ಧ. ‘ಕೊನೆಯ 20 ಮೀಟರಿನಲ್ಲಿ ವೇಗ ಹೆಚ್ಚಿಸಿಕೊಂಡು ಗೆದ್ದ’ ಅಂತ 100 ಮೀಟರ್ ಓಟದ ಸುದ್ದಿಯಲ್ಲಿ ಸುಮ್ನೆ ಬರೆದುಬಿಡುತ್ತಾರೆ. ಬರ್ಲಿನ್‌ನಲ್ಲಿ ಬೋಲ್ಟ್ 60ರಿಂದ 80 ಮೀಟರಿಗೆ ತೆಗೆದುಕೊಂಡಿದ್ದು 1.61 ಸೆಕೆಂಡ್, ಕೊನೆಯ 20 ಮೀಟರಿಗೆ 1.66. ಅವನೇ ನಿಧಾನವಾಗಿದ್ದಾನೆ! ಕೊನೆಯಲ್ಲಿ ಗೆಲ್ಲುವುದು ಎಲ್ಲರಿಗಿಂತ ಕಡಿಮೆ ನಿಧಾನವಾದವನು. ಹೈಸ್ಕೂಲ್ ಮಕ್ಕಳು ಇನ್ನೂ ಮುಂಚೆಯೇ ಪೂರ್ತಿ ವೇಗ ಮುಟ್ಟಿಬಿಡುತ್ತಾರೆ, ಆಮೇಲೆ ಉಳಿದ ದೂರವೆಲ್ಲ ಉಳಿಸಿಕೊಳ್ಳುವ ಕೆಲಸವೇ.

ಈ ಉಳಿಸಿಕೊಳ್ಳುವ ಜಾಗದಲ್ಲಿ ಇನ್ನೊಂದು ನುಡಿಗಟ್ಟು ಅಡ್ಡ ಬರುತ್ತದೆ: ‘ಹಲ್ಲು ಕಚ್ಚಿ ಓಡು’. ಬದುಕಿನ ಕಷ್ಟಕ್ಕೆ ಸರಿ, ಸ್ಪ್ರಿಂಟಿಗೆ ಬೇಡವೇ ಬೇಡ. ಹಲ್ಲು ಕಚ್ಚಿದರೆ ದವಡೆ ಬಿಗಿಯುತ್ತದೆ, ಹಿಂದೆಯೇ ಕತ್ತು, ಹೆಗಲು, ಮುಷ್ಟಿ ಎಲ್ಲ ಬಿಗಿದು ತೋಳು ಬೀಸುವುದೇ ಕುಂಠಿತವಾಗುತ್ತದೆ. ಒಳ್ಳೆಯ ಓಟಗಾರರ ನಿಧಾನಗತಿಯ ವಿಡಿಯೊ ನೋಡಿ, ಕೆನ್ನೆ ಜೋತುಬಿದ್ದು ಕುಲುಕುತ್ತಿರುತ್ತದೆ. ಅದಕ್ಕೆ ನಾನು ‘ಮುಖ ಬಿಡು’ ಅಂತ ಬರೆದಿದ್ದೇನೆ. ‘ಸಡಿಲ’ ಅಂತ ಒಂದೇ ಪದ ಕೂಗಿದರೆ ಸಾಲದೇ ಅಂತ ಒಬ್ಬರು ಕೇಳಿದರು. ಸಾಲಬಹುದು, ಆದರೆ ಸಡಿಲ ಅಂದರೆ ಕೆಲವರು ಓಟವನ್ನೇ ಸಡಿಲ ಮಾಡುತ್ತಾರೆ.

ಇನ್ನು ‘ಫ್ಲೈಯಿಂಗ್ 30’ ಅನ್ನುವ ಅಭ್ಯಾಸ. ಪೂರ್ತಿ ವೇಗ ಬೆಳೆಸೋಕೆ ಇದಕ್ಕಿಂತ ಸರಳವಾದದ್ದು ಇಲ್ಲ. ಎರಡು ಗುರುತಿನ ಮಧ್ಯೆ 30 ಮೀಟರ್ ಅಳೆದಿಡಿ. ಓಟಗಾರ ಅದಕ್ಕೂ 20–30 ಮೀಟರ್ ಹಿಂದಿನಿಂದ ವೇಗ ಹಿಡಿಯುತ್ತಾ ಬರಲಿ. ಅವನ ಎದೆ ಮೊದಲ ಗುರುತು ದಾಟಿದಾಗ ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. ‘ಹಾರುವ ಮೂವತ್ತು’ ಅಂದರೆ ಮಕ್ಕಳ ಪತ್ರಿಕೆಯ ಕಥೆ ಆಗುತ್ತದೆ, ‘ಓಡಿಬಂದ ಮೂವತ್ತು’ ಅಂತ ಇಟ್ಟಿದ್ದೇನೆ, ಹೇಗಿದೆ? ಎರಡು ಓಟದ ಮಧ್ಯೆ ನಾಲ್ಕೈದು ನಿಮಿಷ ಬಿಡಲೇಬೇಕು, ದಣಿದ ಕಾಲಿಗೆ ವೇಗ ಕಲಿಸೋಕೆ ಆಗಲ್ಲ. ಇಲ್ಲಿ ‘ವಿಶ್ರಾಂತಿ’ ಅಂತ ಬರೆದರೆ ಮೇಷ್ಟ್ರುಗಳಿಗೆ ಸೋಮಾರಿತನ ಅನ್ನಿಸುತ್ತದೆ, ಕೂತ್ಕೊಬೇಡ ಓಡು ಅಂತಾರೆ. ನಮ್ಮ ಅಜ್ಜಿಯರ ‘ಸುಧಾರಿಸ್ಕೋ’ ಇದೆಯಲ್ಲ, ಅದೇ ಹಾಕಿದೆ. ಉಸಿರು ಹತೋಟಿಗೆ ಬಂದು ಮತ್ತೆ ಕೆಲಸಕ್ಕೆ ತಯಾರಾಗುವುದು ಅಂತ ಅದರಲ್ಲೇ ಇದೆ. ಇದನ್ನು ಯಾರೂ ಬದಲಿಸಬೇಡಿ ದಯವಿಟ್ಟು.

ಹ್ಯಾಮ್‌ಸ್ಟ್ರಿಂಗ್‌ಗೆ ಹೊಸ ಪದ ಹುಡುಕುತ್ತಿಲ್ಲ. ಮಕ್ಕಳು ‘ತೊಡೆ ಹಿಂದಿನ ನರ ಹಿಡ್ಕೊಂಡಿದೆ’ ಅಂತಾರೆ. ನಮ್ಮ ಮಾತಿನಲ್ಲಿ ನರ, ಸ್ನಾಯು ಎರಡಕ್ಕೂ ನರವೇ. ಕೈಪಿಡಿಯಲ್ಲಿ ‘ತೊಡೆ ಹಿಂದಿನ ಸ್ನಾಯು’ ಅಂತ ಒಮ್ಮೆ ವಿವರಿಸಿ ಮುಂದೆ ಹೋಗುತ್ತೇನೆ.

ಕೊನೆಯದು ಕರಾವಳಿಯವರಿಗೆ. ಕಂಬಳದ ಶ್ರೀನಿವಾಸ ಗೌಡ ನಿಮಗೆ ನೆನಪಿರಬಹುದು. 2020ರಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು 100 ಮೀಟರಿಗೆ ಇಳಿಸಿ 9.55 ಅಂತ ಲೆಕ್ಕ ಹಾಕಿ ಬೋಲ್ಟ್‌ಗೇ ಹೋಲಿಸಿದರು. ಆ ಹೋಲಿಕೆ ನಿಲ್ಲುವುದಿಲ್ಲ, ಕೋಣಗಳ ಎಳೆತ ಇದ್ದೇ ಇರುತ್ತದೆ. ಆದರೆ ಸ್ಪ್ರಿಂಟ್ ಕೋಚ್‌ಗಳು ರಬ್ಬರ್ ಹಗ್ಗ ಸೊಂಟಕ್ಕೆ ಕಟ್ಟಿ, ಮುಂದಿನಿಂದ ಎಳೆಸಿ, ತನ್ನ ಸ್ವಂತ ವೇಗಕ್ಕಿಂತ ಜಾಸ್ತಿ ಓಡಿಸುವ ಒಂದು ಅಭ್ಯಾಸ ಮಾಡಿಸುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಎಳೆಸಿ ಓಡುವುದು’ ಅಂತ ಬರೆದು ಅರ್ಧ ಮನಸ್ಸಿನಲ್ಲಿ ಬಿಟ್ಟಿದ್ದೇನೆ. ಕೋಣಗಳ ಎಳೆತಕ್ಕೆ ಕಾಲು ಹೊಂದಿಸಿಕೊಂಡು ಓಡುವುದಕ್ಕೆ ಕಂಬಳದವರು ತಮ್ಮತಮ್ಮಲ್ಲಿ ಏನಂತಾರೆ? ಗದ್ದೆಯಲ್ಲಿ ಹೊಸಬರಿಗೆ ಕಲಿಸುವಾಗ ಏನು ಕೂಗುತ್ತಾರೆ? ತುಳು ಪದವಾದರೂ ಪರವಾಗಿಲ್ಲ, ಕೇಳಿ ತಿಳಿದು ಬರೆಯಿರಿ. ಚೆನ್ನಾಗಿ ಕೂಗಲು ಬಂದರೆ ಹಾಗೇ ಎತ್ತಿಕೊಳ್ಳುತ್ತೇನೆ.