ಮೂಲಮನೆ ಬಳಗದಲ್ಲಿ ಒಂದು ಫಾರ್ವರ್ಡು

ಹುಬ್ಬಳ್ಳಿ ಭಾವ ಅದನ್ನು ಭಾನುವಾರ ಬೆಳಿಗ್ಗೆ 6.12ಕ್ಕೆ ಹಾಕಿದ್ದರು. ಮೇಲೆ ಎರಡು ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಮಾಲು.

"ಎಚ್ಚರ!! ಇನ್ಹೇಲರ್ ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವುದಿಲ್ಲ. ಎಲ್ಲಾ ಕಂಪನಿಗಳ ಆಟ. ಆಡುಸೋಗೆ ಎಲೆ, ಕಾಳುಮೆಣಸು, ಅರಿಶಿನ, ಜೇನು. 21 ದಿನ ಕುಡಿಯಿರಿ. ಶ್ವಾಸಕೋಶ ಹೊಸದಾಗುತ್ತದೆ. 10 ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ."

ಅದರ ಕೆಳಗೆ ಭಾವನ ಸ್ವಂತ ಮಾತು ಒಂದೇ ಸಾಲು: "ಅತ್ತೆಯವರ ವಿಷಯದಲ್ಲಿ ನಾನು ಮೊದಲೇ ಹೇಳಿದ್ದೆ. ಯಾರೂ ಕೇಳಲಿಲ್ಲ."

ಫಾರ್ವರ್ಡನ್ನು ಯಾರೂ ಪೂರ್ತಿ ಓದಿದ ಹಾಗೆ ಕಾಣಲಿಲ್ಲ. ಆ ಒಂದು ಸಾಲನ್ನು ಮಾತ್ರ ಎಲ್ಲರೂ ಓದಿದ್ದರು.

'ಮೂಲಮನೆ ಬಳಗ' ನಮ್ಮ ಗ್ರೂಪಿನ ಹೆಸರು. ಅಜ್ಜನ ಆರು ಮಕ್ಕಳ ಸಂಸಾರ, ಒಟ್ಟು 43 ನಂಬರು. ಮೈಸೂರು ಕಡೆಯಿಂದ ಬಂದ ಸೊಸೆಯಂದಿರೂ ಇರೋದರಿಂದ ಅಲ್ಲಿ ಎಲ್ಲರೂ ಪುಸ್ತಕದ ಕನ್ನಡವನ್ನೇ ಕುಟ್ಟುತ್ತಾರೆ. ಮನೆಯಲ್ಲಿ ಆಡುವ ಹವ್ಯಕ ಮಾತು ಹೊರಗೆ ಬಂತು ಅಂದರೆ ಯಾರಿಗೋ ಸಿಟ್ಟು ಬಂದಿದೆ ಅಂತಲೇ ಲೆಕ್ಕ. ಆ ಭಾನುವಾರ ಎಂಟು ಗಂಟೆಯ ಒಳಗೇ ಬಂತು.

ಭಾವ ಹೇಳಿದ ಅತ್ತೆ ಅಂದರೆ ನಮ್ಮ ದೊಡ್ಡಾಯಿ. ಅವಳಿಗೆ ಈಗ 74. ಶಿರಸಿಯಿಂದ ಒಳಗೆ, ಮಳೆಗಾಲದಲ್ಲಿ ಬಸ್ಸು ಅರ್ಧದಾರಿಯಲ್ಲೇ ತಿರುಗುವ ಊರು. ಐದಾರು ವರ್ಷ ಅವಳ ಏದುಸಿರನ್ನು ಉಬ್ಬಸ ಅಂತಲೇ ಒಬ್ಬ ಡಾಕ್ಟರು ನೋಡುತ್ತಿದ್ದರು. ಮೂರು ತಿಂಗಳ ಹಿಂದೆ ಬೇರೆ ಕಡೆ ಕೊಳವೆಗೆ ಊದಿಸಿದಾಗ ಗೊತ್ತಾಗಿದ್ದು ಸಿಒಪಿಡಿ ಅಂತ, ಅಂದರೆ ಶ್ವಾಸನಾಳ ಕಟ್ಟಿಕೊಂಡೇ ಇರುವ ದೀರ್ಘಕಾಲದ ರೋಗ. ಎದೆ ತುಂಬ ಉಸಿರೆಳೆದು ಜೋರಾಗಿ ಊದಬೇಕು. ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಅಂತ ನೋಡುತ್ತಾರೆ. ಶ್ವಾಸನಾಳ ಅಗಲ ಮಾಡುವ ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ನಾಳ ಕಟ್ಟಿದೆ ಅಂತ ಅರ್ಥ. ದೊಡ್ಡಾಯಿಯದ್ದು 0.58 ಬಂತು. ದಿನಕ್ಕೊಂದು ಕ್ಯಾಪ್ಸೂಲು, ಜೊತೆಗೆ ಒಂದು ಪುಟ್ಟ ಯಂತ್ರ, ತೀರಾ ಕಟ್ಟಿದಾಗ ಹೊಡೆದುಕೊಳ್ಳಲು ಒಂದು ಪಂಪು. ಇಷ್ಟು ಕೊಟ್ಟು ಕಳಿಸಿದ್ದರು.

ಮೂರು ತಿಂಗಳಾದರೂ ಗುಣ ಕಾಣಲಿಲ್ಲ. ಅದು ನಿಜ. ಅಂಗಳದಿಂದ ಜಗುಲಿಗೆ ಹತ್ತುವಾಗ ಕಂಬ ಹಿಡಿದು ನಿಲ್ಲುತ್ತಾಳೆ. ಹಾಗಾಗಿ ಭಾವನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇರಲಿಲ್ಲ.

ಮೊದಲು ಎದ್ದವನು ಬೆಂಗಳೂರಿನ ನನ್ನ ತಮ್ಮ. "ಸೋರ್ಸ್ ಎಲ್ಲಿ ಭಾವ?" ಅಂತ ಕೇಳಿದ. ಅವನು ಎಲ್ಲದಕ್ಕೂ ಸೋರ್ಸ್ ಕೇಳುವವನೇ. ಅಜ್ಜನ ತಿಥಿಯ ದಿನ ಯಾವುದು ಅಂತ ಹಾಕಿದಾಗಲೂ ಕೇಳಿದ್ದ. ಭಾವ "ಹಿರಿಯರ ಅನುಭವವೇ ಸೋರ್ಸ್" ಅಂದರು. ತಮ್ಮ ಒಂದು ದಪ್ಪ ಇಂಗ್ಲಿಷ್ ಪಿಡಿಎಫ್ ಹಾಕಿದ. ನಾನು ತೆಗೆದು ಎರಡು ಪುಟ ನೋಡಿದೆ, ಅಷ್ಟರಲ್ಲಿ ಹಾಲು ಉಕ್ಕಿತು. ಉಳಿದವರು ಅದನ್ನೂ ತೆಗೆಯಲಿಲ್ಲ.

7.20ಕ್ಕೆ ಮಾಷ್ಟ್ರು ಅಪ್ಪಚ್ಚಿ, ಅಂದರೆ ನಮ್ಮ ಚಿಕ್ಕಪ್ಪ, ಬಂದರು. ನಿವೃತ್ತರಾಗಿ 15 ವರ್ಷವಾದರೂ ಅವರ ಮೆಸೇಜು ಕರಿಹಲಗೆಯ ಮೇಲೆ ಬರೆದ ಹಾಗೇ ಇರುತ್ತದೆ. "ಎಲ್ಲರ ಗಮನಕ್ಕೆ. ಇದು ಬೀಡಿ, ಸಿಗರೇಟು ಸೇದುವವರಿಗೆ ಬರುವ ರೋಗ. ಶಿಸ್ತಿನ ಜೀವನ ನಡೆಸಿದ ನಮ್ಮ ಅತ್ತಿಗೆಗೆ ಅದು ಬರಲು ಸಾಧ್ಯವೇ ಇಲ್ಲ. ಆದ್ದರಿಂದ ರೋಗದ ಹೆಸರೇ ತಪ್ಪು. ಈ ಗುಂಪಿನಲ್ಲೇ ಕೆಲವರು ಮದುವೆಮನೆಯ ಕೊಟ್ಟಿಗೆ ಹಿಂದೆ ಹೋಗಿ ಏನು ಮಾಡುತ್ತಾರೆಂದು ನನಗೆ ಗೊತ್ತಿದೆ. ಅವರು ಎಚ್ಚರದಿಂದಿರಲಿ."

ಯಾರು ಅಂತ ಎಲ್ಲರಿಗೂ ಗೊತ್ತು. ತಮ್ಮ ಅರ್ಧಗಂಟೆ ಆನ್‌ಲೈನ್ ಇದ್ದೂ ಏನೂ ಬರೆಯಲಿಲ್ಲ.

ಆಗ ಬಂದಳು ಕಾರವಾರದ ಅಕ್ಕ. 30 ವರ್ಷ ನರ್ಸ್ ಆಗಿ ದುಡಿದವಳು. ಅವಳ ಮೆಸೇಜು ಬಂದರೆ ನಾನು ಓದುತ್ತೇನೆ. ಬೇರೆಯವರು ಅದಕ್ಕೆ ಹೆಬ್ಬೆರಳಿನ ಗುರುತು ಒತ್ತಿ ಮುಂದೆ ಹೋಗುತ್ತಾರೆ.

"ಅಪ್ಪಚ್ಚಿ, ದೊಡ್ಡಾಯಿ ಬೀಡಿ ಸೇದಲಿಲ್ಲ. ಹೊಗೆ ಕುಡಿದಳು. ಬೆಳಿಗ್ಗೆ ಐದಕ್ಕೆ ಬಚ್ಚಲ ಒಲೆ, ಆಮೇಲೆ ಅಡಿಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸೋ ಒಲೆ. ಐವತ್ತು ವರ್ಷ. ಬೀಡಿ ಮುಟ್ಟದ ಹೆಂಗಸರಿಗೆ ನಮ್ಮ ಕಡೆ ಈ ರೋಗ ಬರೋದು ಹೀಗೇ. ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆ ಹೋಗಲಿಲ್ಲ, ಅಲ್ವಾ? ಈಗಲೂ ಅವಳೇ ಹಚ್ಚುತ್ತಾಳೆ. ಮೊದಲು ಅದನ್ನು ನಿಲ್ಲಿಸಿ. ಹೋದ ಶಕ್ತಿ ವಾಪಸ್ ಬರೋದಿಲ್ಲ, ಇರೋದನ್ನು ಉಳಿಸಿಕೊಳ್ಳಬಹುದು."

ಇದಕ್ಕೆ ಉತ್ತರವಾಗಿ ಯಲ್ಲಾಪುರದ ಅಣ್ಣ ಬರೆದಿದ್ದನ್ನು ಇಲ್ಲಿ ಹಾಗೇ ಇಡುತ್ತೇನೆ. "ಆಹಾ, ಅಡಿಕೆ ಬೇಯಿಸೋ ಒಲೆ! ಏನು ನೆನಪು ಮಾಡಿದೆ ತಂಗಿ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಸುಲಿಯೋದು. ಕೈಯೆಲ್ಲ ಚೊಗರು. ಕೆಂಡದಲ್ಲಿ ಗೆಣಸು ಹುಗಿದಿಟ್ಟು ದೊಡ್ಡಾಯಿ ಒಬ್ಬೊಬ್ಬರಿಗೇ ಕೊಡ್ತಿದ್ದಳು. ಹಂಡೆ ಹಿಂದೆ ಹೊಗೆಯಲ್ಲಿ ಅವಳ ಮುಖವೇ ಕಾಣ್ತಿರಲಿಲ್ಲ, ಬಳೆ ಸದ್ದು ಮಾತ್ರ. ಆ ಹೊಗೆ ವಾಸನೆಗೆ ಈಗಲೂ ಜೀವ ಹಾತೊರೆಯುತ್ತೆ."

ಹನ್ನೊಂದು ಜನ ಅದಕ್ಕೆ ಕೆಂಪು ಹೃದಯ ಒತ್ತಿದರು. ಅಕ್ಕನ ಮೆಸೇಜಿಗೆ ಎರಡು ಹೆಬ್ಬೆರಳು. ಅದರಲ್ಲಿ ಒಂದು ನನ್ನದು.

ಅಕ್ಕ ಬಿಡಲಿಲ್ಲ. ಇನ್ಹೇಲರ್ ಚಟ ಅಲ್ಲ, ಕನ್ನಡಕದ ಹಾಗೆ ಅಂದಳು. ದಿನಾ ಹಾಕಿಕೊಳ್ಳುತ್ತೇವೆ ಅಂದ ಮಾತ್ರಕ್ಕೆ ಕನ್ನಡಕದ ಚಟ ಹತ್ತಿದೆ ಅಂತೀರಾ ಅಂತ ಕೇಳಿದಳು. ಆಮೇಲೆ ಒಂದು ಲೆಕ್ಕ ಕೊಟ್ಟಳು. ಉಸಿರು ಕಟ್ಟಿದಾಗ ಹೊಡೆದುಕೊಳ್ಳುವ ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ ಇರೋದು 100 ಮೈಕ್ರೋಗ್ರಾಂ. ಅದೇ ಔಷಧಿಯ ಗುಳಿಗೆ ನುಂಗಿದರೆ 4 ಮಿಲಿಗ್ರಾಂ. "ಯಾವುದು ಜಾಸ್ತಿ ಅಂತ ಮಾಷ್ಟ್ರೇ ಲೆಕ್ಕ ಹಾಕಲಿ."

ಅಪ್ಪಚ್ಚಿ ಲೆಕ್ಕ ಹಾಕಿದರು. ಅದೊಂದು ಅವರ ಗುಣ. "4 ಮಿಲಿಗ್ರಾಂ ಎಂದರೆ 4000 ಮೈಕ್ರೋಗ್ರಾಂ. ಭಾಗಿಸಿದರೆ 40. ಗುಳಿಗೆಯಲ್ಲಿ 40 ಪಟ್ಟು ಹೆಚ್ಚು." ಮುಂದಿನ ಸಾಲಿಗೇ ಪುಸ್ತಕದ ಕನ್ನಡ ಹೋಯಿತು: "ಎಂಗೆ ಪಾಠ ಹೇಳಡ." ನನಗೆ ಪಾಠ ಹೇಳಬೇಡ ಅಂತ.

ಅದು ಹಳೇ ಗಾಯ. 1988ರಲ್ಲಿ ಅಕ್ಕ ನರ್ಸಿಂಗ್‌ಗೆ ಹೋಗುತ್ತೇನೆ ಅಂದಾಗ, ನಮ್ಮ ಮನೆಯ ಹೆಣ್ಣು ಕಂಡವರ ಮಲಮೂತ್ರ ಬಾಚುವುದಾ ಅಂತ ಅಡ್ಡ ನಿಂತವರು ಇದೇ ಅಪ್ಪಚ್ಚಿ. ಅಕ್ಕ ಅದನ್ನು ಬಾಯಿಬಿಟ್ಟು ಹೇಳೋದಿಲ್ಲ. ಈಗಲೂ ಹೇಳಲಿಲ್ಲ. "ಲೆಕ್ಕ ಸರಿಯಿದೆ ಅಪ್ಪಚ್ಚಿ, ಹತ್ತಕ್ಕೆ ಹತ್ತು" ಅಂತ ಮಾತ್ರ ಬರೆದಳು. ಬೈದಿದ್ದರೇ ವಾಸಿಯಿತ್ತು.

ಭಾವ ಕಷಾಯ ಕೈಬಿಟ್ಟಿರಲಿಲ್ಲ. ಕುಡೀಲಿ, ಬೆಚ್ಚಗೆ ಕುಡಿದರೆ ಗಂಟಲಿಗೆ ಹಿತ ಅಂದಳು ಅಕ್ಕ. ಆಡುಸೋಗೆಯಲ್ಲಿರುವ ವಾಸಿಸಿನ್ ಅಂಶವನ್ನು ಹಿಡಿದು ಹೊರಟೇ ಬ್ರೋಮ್‌ಹೆಕ್ಸಿನ್ ಅನ್ನುವ ಕಫದ ಔಷಧಿ ಬಂದದ್ದು, ಆದರೆ ಕಟ್ಟಿದ ನಾಳವನ್ನು ಕಷಾಯ ಬಿಡಿಸೋದಿಲ್ಲ ಅಂತ ಸೇರಿಸಿದಳು. ಭಾವ ಆ ಮಾತಿನ ಮೊದಲರ್ಧ ಮಾತ್ರ ಕತ್ತರಿಸಿ ಸ್ಕ್ರೀನ್‌ಶಾಟ್ ಹಾಕಿದರು. "ನೋಡಿ. ನರ್ಸೇ ಒಪ್ಪಿಕೊಂಡಳು." ಜೊತೆಗೆ ಮೂರು ಕೈಮುಗಿಯುವ ಚಿತ್ರ.

ಅದೇ ಹೊತ್ತಿಗೆ ಅಕ್ಕ ಒಂದು ಸಣ್ಣ ಮೆಸೇಜು ಹಾಕಿದ್ದಳು. "ದೊಡ್ಡಾಯಿ ಔಷಧಿ ತಗೊಳ್ಳೋದನ್ನು ಯಾರಾದರೂ ಒಂದು ವಿಡಿಯೋ ಮಾಡಿ ಕಳಿಸಿ." ಅದು ಯಾರಿಗೂ ಕಾಣಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಆಕ್ಸಿಜನ್ ಮಷೀನಿನ ಮಾತು ಎದ್ದಿತ್ತು.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಎಲ್ಲರೂ ತಲೆಗೆ ನಾಲ್ಕು ಸಾವಿರ ಹಾಕಿ ಒಂದು ಕಾನ್ಸಂಟ್ರೇಟರ್ ತಗೊಂಡಿದ್ದೆವು. ಜಿಲ್ಲೆಯಲ್ಲಿ ದೊಡ್ಡಾಸ್ಪತ್ರೆ ಇಲ್ಲ, ಹೊತ್ತಲ್ಲದ ಹೊತ್ತಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು, ಮನೆಯಲ್ಲೇ ಒಂದಿರಲಿ ಅಂತ. ಮೊದಲು ಕೇಳಿದವರು ಯಲ್ಲಾಪುರದ ಅಣ್ಣ, ಅವರ ಮಾವನಿಗೆ. ಮಾವ ಹುಷಾರಾದರು. ಮಷೀನು ವಾಪಸ್ ಬರಲಿಲ್ಲ.

"ಅದನ್ನು ಅತ್ತೆಗೆ ಕೊಟ್ಟಿದ್ದರೆ ಈ ಇನ್ಹೇಲರ್ ಗೊಡವೆಯೇ ಬೇಡವಾಗಿತ್ತು" ಅಂದರು ಭಾವ.

"ನಿಮ್ಮ ಪಾಲಿನ ನಾಲ್ಕು ಸಾವಿರ ಇನ್ನೂ ಬಂದಿಲ್ಲ ಭಾವ" ಅಂದ ತಮ್ಮ. ಬೆಳಗಿನಿಂದ ಕಾಯುತ್ತಿದ್ದ ಅನ್ನಿಸುತ್ತೆ. ಇದಕ್ಕೆ ಸೋರ್ಸ್ ಕೂಡ ಇತ್ತು, ಎಕ್ಸೆಲ್ ಶೀಟಿನ ಫೋಟೋ ಹಾಕಿದ.

ಮುಂದಿನ ಒಂದೂವರೆ ಗಂಟೆ ನಡೆದದ್ದನ್ನು ಪೂರ್ತಿ ಬರೆಯೋದಿಲ್ಲ. 1994ರ ಪಾಲುಪಟ್ಟಿ ಬಂತು. ತಾಮ್ರದ ಹಂಡೆ ಬಂತು. ಕೊನೆಗೆ ಅಣ್ಣ ಅಟ್ಟ ಹತ್ತಿ ಮಷೀನಿನ ಫೋಟೋ ಕಳಿಸಿದರು. ಅಡಿಕೆ ಚೀಲಗಳ ಮಧ್ಯೆ ಕೂತಿದೆ, ಮೇಲೊಂದು ಹರಿದ ಕಂಬಳಿ. ಮೂಗಿಗೆ ಹಾಕುವ ಕೊಳವೆಯನ್ನು ಇಲಿ ಕಡಿದು ಮೂರು ತುಂಡು ಮಾಡಿದೆ.

ಅಕ್ಕ ಮತ್ತೆ ಬರೆದಳು. ದೊಡ್ಡಾಯಿಗೆ ಆ ಮಷೀನು ಬೇಕಾಗಿಯೇ ಇಲ್ಲ. ಸುಮ್ಮನೆ ಕೂತಾಗ ಆಕ್ಸಿಜನ್ ಅಳೆಯುವ ಬೆರಳಿನ ಮಾಪಕ ಶೇ. 93 ತೋರಿಸುತ್ತದೆ. ಕೂತಲ್ಲೇ 88 ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ ಮನೆಯಲ್ಲಿ ಆಕ್ಸಿಜನ್ ಕೊಡೋದು, ಅದೂ ದಿನಕ್ಕೆ 15 ಗಂಟೆಗಿಂತ ಹೆಚ್ಚು ಹೊತ್ತು. ಏದುಸಿರು ಬಂತು ಅಂತ ಅಂದಾಜಿನ ಮೇಲೆ ಜಾಸ್ತಿ ಕೊಟ್ಟರೆ ಈ ರೋಗದ ಕೆಲವರಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಅದರ ಬದಲು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ, ನ್ಯುಮೋನಿಯಾದ್ದೂ ಹಾಕಿಸಿ, ದಿನಾ ಅಂಗಳದಲ್ಲಿ ಆದಷ್ಟು ನಡೆಸಿ ಅಂದಳು. ಉಸಿರು ಕಟ್ಟಿದಾಗ ಊದುಗೊಳವೆ ಬಾಯಿಗಿಟ್ಟ ಹಾಗೆ ತುಟಿ ಸಣ್ಣ ಮಾಡಿ ನಿಧಾನಕ್ಕೆ ಉಸಿರು ಬಿಡಲಿ, ಅದನ್ನು ದೊಡ್ಡಾಯಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಕೊನೇ ಮಾತನ್ನು ನಾನು ಎರಡು ಸಲ ಓದಿದೆ.

1.25ಕ್ಕೆ ದೊಡ್ಡಾಯಿಯ ಮೊಮ್ಮಗಳು ವಿಡಿಯೋ ಹಾಕಿದಳು. ಪಿಯುಸಿ ಓದುವ ಹುಡುಗಿ. ಬೆಳಗಿನಿಂದ ಎಲ್ಲವನ್ನೂ ಓದುತ್ತ ಕೂತಿದ್ದವಳು ಅವಳೊಬ್ಬಳೇ ಅಂತ ಕಾಣುತ್ತದೆ, ಅಕ್ಕನ ಮೆಸೇಜಿಗೇ ಉತ್ತರವಾಗಿ ಹಾಕಿದ್ದಳು. 24 ಸೆಕೆಂಡು.

ಊಟ ಮುಗಿದಿದೆ. ದೊಡ್ಡಾಯಿ ಒಳಗಿನ ಜಗುಲಿಯಲ್ಲಿ ಮಣೆ ಮೇಲೆ ಕೂತಿದ್ದಾಳೆ. ಬೆಳ್ಳಿ ಬಣ್ಣದ ಪಟ್ಟಿಯಿಂದ ಉಗುರಲ್ಲಿ ಒತ್ತಿ ಕ್ಯಾಪ್ಸೂಲು ತೆಗೆಯುತ್ತಾಳೆ. ಅಂಗೈಯಲ್ಲಿಟ್ಟು ನೋಡುತ್ತಾಳೆ. ಬಾಯಿಗೆ ಹಾಕಿ, ಸ್ಟೀಲ್ ಲೋಟದ ಮಜ್ಜಿಗೆ ಎತ್ತಿ, ಗಟಗಟ ಕುಡಿದು ನುಂಗಿಬಿಡುತ್ತಾಳೆ. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕ್ಯಾಮೆರಾ ನೋಡಿ, "ಇನ್ನೆಂತಾ ಮಾಡವು?" ಅನ್ನುತ್ತಾಳೆ.

ಯಂತ್ರ ಅವಳ ಹಿಂದೆಯೇ ಇದೆ. ಶೋಕೇಸಿನಲ್ಲಿ, ಗಣಪತಿ ಪಕ್ಕ, ಡಬ್ಬಿ ಕೂಡ ಒಡೆದಿಲ್ಲ.

ಗ್ರೂಪಿನಲ್ಲಿ ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಗ್ರೂಪಿಗೆ ಅದು ದಾಖಲೆ.

ಅಕ್ಕ ಬೈಯಲಿಲ್ಲ. ನುಂಗಿದ್ದರಿಂದ ಗಾಬರಿ ಏನಿಲ್ಲ, ಅದರೊಳಗಿರೋದು ಯಂತ್ರದಲ್ಲಿಟ್ಟು ಉಸಿರಲ್ಲಿ ಎಳೆಯಬೇಕಾದ ಪುಡಿ, ಹೊಟ್ಟೆಗೆ ಹೋದರೆ ಹೆಚ್ಚೇನೂ ಮಾಡೋದಿಲ್ಲ, ಅದಕ್ಕೇ ಗುಣವೂ ಕಾಣಲಿಲ್ಲ ಅಂದಳು. ತುಂಬ ಜನ ಹೀಗೇ ನುಂಗುತ್ತಾರಂತೆ. ಕ್ಯಾಪ್ಸೂಲು ಅಂದರೆ ನುಂಗೋದು ಅಂತಲೇ ಅಲ್ವಾ ನಮಗೆಲ್ಲ ಗೊತ್ತಿರೋದು? ಔಷಧಿ ಕೊಟ್ಟವರು ಕೌಂಟರಿನಿಂದಲೇ 'ದಿನಕ್ಕೊಂದು' ಅಂದಿದ್ದರು, ದೊಡ್ಡಾಯಿ ದಿನಕ್ಕೊಂದು ತಪ್ಪದೆ ನುಂಗಿದ್ದಳು. ಯಂತ್ರ ತೀರಾ ಕಷ್ಟ ಬಂದಾಗ ತೆಗೆಯೋದು ಅಂದುಕೊಂಡಿದ್ದಳಂತೆ.

ಇನ್ನು ಹೊಸ ಜಗಳ. ಅವಳಿಗೆ ಕಲಿಸಬೇಕಾದವರು ಯಾರು? ಭಾವ ದೊಡ್ಡಾಯಿಯ ಜೊತೆಗೇ ಇರುವ ಮೂಲಮನೆ ಅತ್ತಿಗೆಯತ್ತ ಬೆರಳು ತೋರಿಸಿದರು. ತಮ್ಮ ಭಾವನತ್ತ ತೋರಿಸಿದ. ಅಪ್ಪಚ್ಚಿ ಸೂಚನಾಪತ್ರ ಓದುವ ಅಭ್ಯಾಸ ಕಡಿಮೆಯಾಗಿರುವುದರ ಬಗ್ಗೆ ನಾಲ್ಕು ಪ್ಯಾರಾ ಬರೆದರು. ಅತ್ತಿಗೆ ಏನೂ ಹೇಳಲಿಲ್ಲ. ಅವಳು ಸೊಂಟದೆತ್ತರ ಕೆಲಸದ ಮಧ್ಯೆ ಇರುವವಳು. ನಾನೂ ಹೇಳಲಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದರೆ ಎರಡು ತಾಸಿನೊಳಗೆ ಅಲ್ಲಿರಬಹುದು. ಈ ಮೂರು ತಿಂಗಳಲ್ಲಿ ಎರಡು ಸಲ ಹೋಗಿದ್ದೆ, ಎರಡೂ ಸಲ ಶೋಕೇಸಿನ ಎದುರೇ ಕೂತು ಚಹಾ ಕುಡಿದು ಬಂದಿದ್ದೆ.

ಸಂಜೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ಕ್ಯಾಪ್ಸೂಲು ಇಲ್ಲದೆ, ಬರೀ ಯಂತ್ರ ಹಿಡಿಸಿ, ಅರ್ಧಗಂಟೆ ಅಭ್ಯಾಸ. ಕ್ಯಾಪ್ಸೂಲು ಒಳಗಿಡು, ಮುಚ್ಚು, ಒತ್ತಿ ತೂತು ಮಾಡು. ಉಸಿರನ್ನು ಹೊರಗೆ ಬಿಡು, ಯಂತ್ರದೊಳಗಲ್ಲ. ತುಟಿ ಬಿಗಿ ಮಾಡಿ ಜೋರಾಗಿ ಆಳಕ್ಕೆ ಎಳಿ. ಒಳಗೆ ಕ್ಯಾಪ್ಸೂಲು ತಿರುಗುವ ಸದ್ದು ಕೇಳಬೇಕು. ಹತ್ತು ಎಣಿಸುವವರೆಗೆ ಹಿಡಿ. ಆಮೇಲೆ ಬಿಡು. ದೊಡ್ಡಾಯಿ ಮೂರನೇ ಸಲಕ್ಕೆ ಕಲಿತಳಂತೆ.

ಸೋಮವಾರ ಮಧ್ಯಾಹ್ನ 1.10ಕ್ಕೆ ಅತ್ತಿಗೆ ಒಂದು ವಾಯ್ಸ್ ನೋಟ್ ಹಾಕಿದಳು. ಅವಳ ಕಡೆಯಿಂದ ಗ್ರೂಪಿಗೆ ಬಂದ ಮೊದಲ ಉತ್ತರ. ನಾನು ಅಡಿಗೆಮನೆಯಲ್ಲೇ ನಿಂತು ಕೇಳಿದೆ. ಗಿರ್ರ್ ಅಂತ ಸಣ್ಣ ಸದ್ದು. ಆಮೇಲೆ ಏನೂ ಇಲ್ಲ, ಹಿಂದೆ ಎಲ್ಲೋ ಕೋಳಿ ಕೂಗುತ್ತದೆ, ಯಾರೋ ಮೆಲ್ಲಗೆ ಎಣಿಸುತ್ತಾರೆ. ಹತ್ತಕ್ಕೆ ಉದ್ದ ಉಸಿರು. "ಸಿಹಿ ಇದ್ದು" ಅಂದಳು ದೊಡ್ಡಾಯಿ.

ಕೆಳಗೆ ಭಾವ ಕೇಳಿದ್ದರು: "ಇದೆಂತ ಸದ್ದು? ಮಿಕ್ಸರಾ?"