ಜಿಟಿ86: 40 ಮಿ.ಮೀ. ಇಳಿಸಿ 18 ಇಂಚಿನ ರಿಮ್ ಹಾಕಿದ ಮೇಲೆ ಟೈರ್ ಉಜ್ಜುತ್ತಿದೆ, ಗಾಡಿ ಕುಪ್ಪಳಿಸುತ್ತಿದೆ

ಕೆಂಪುಕೂಪೆ:
ನಮಸ್ಕಾರ. ಎರಡು ತಿಂಗಳ ಹಿಂದೆ ನನ್ನ ಟೊಯೋಟಾ ಜಿಟಿ86ಗೆ ಒಂದೇ ಸಲಕ್ಕೆ ಎರಡು ಕೆಲಸ ಮಾಡಿದೆ. 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿದೆ, ಶಾಕ್ ಹಳೆಯವೇ. ಜೊತೆಗೆ 17 ಇಂಚಿನ ಕಂಪನಿ ರಿಮ್ ತೆಗೆದು 18 ಇಂಚು, ಎಂಟೂವರೆ ಅಗಲ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) 35ರ ರಿಮ್. ಟೈರ್ 225/40, ಅಂದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ (ಸೈಡ್‌ವಾಲ್) ಎತ್ತರ ಅದರ ಶೇ. 40.

ನೋಡೋಕೆ ಸೂಪರ್. ಓಡಿಸೋಕೆ ಮಾತ್ರ ತಲೆನೋವು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಉಜ್ಜುತ್ತದೆ. ಸಣ್ಣ ಉಬ್ಬಿಗೂ ಗಾಡಿ ಚೆಂಡಿನ ಹಾಗೆ ಕುಪ್ಪಳಿಸುತ್ತದೆ. ಮುಂದಿನ ಎರಡೂ ಟೈರಿನ ಒಳ ಅಂಚು ಆಗಲೇ ಸವೆದಿದೆ. ಟೈರ್ ತೆಳ್ಳಗಾಗಿದ್ದಕ್ಕೇ ಇಷ್ಟು ಗಟ್ಟಿ ಅಂತ ಒಬ್ಬರು ಹೇಳಿದರು. ಮತ್ತೆ 17ಕ್ಕೆ ಹೋಗಲಾ?

ಹಳೇಸ್ಪ್ಯಾನರ್:
ಸುಮ್ನೆ ಏನೂ ಕೊಳ್ಳಬೇಡಿ, ಮೊದಲು ಲೆಕ್ಕ ಹಾಕೋಣ. ನಿಮ್ಮ ಹಳೇ ಟೈರ್ 215/45, ಅಲ್ವಾ? ಅದರ ಸೈಡ್‌ವಾಲ್ ಎತ್ತರ ಸುಮಾರು 97 ಮಿ.ಮೀ. ಹೊಸದರದ್ದು 90. ಅಂದರೆ ರಬ್ಬರ್ ಕಡಿಮೆಯಾಗಿದ್ದು ಬರೀ 7 ಮಿ.ಮೀ. ಶಾಕ್ ಕುಗ್ಗೋಕೆ ಇದ್ದ ಜಾಗದಲ್ಲಿ ಹೋಗಿದ್ದು ಹೆಚ್ಚುಕಡಿಮೆ 40. ಯಾವುದರ ಮೇಲೆ ಅನುಮಾನ ಪಡಬೇಕು ಹೇಳಿ!

ಉಜ್ಜೋದು ಬೇರೆ ಕತೆ. ಕಂಪನಿ ರಿಮ್ 7 ಇಂಚು ಅಗಲ, ಆಫ್‌ಸೆಟ್ 48. ನಿಮ್ಮದು ಎಂಟೂವರೆ, 35. ಲೆಕ್ಕ ಮಾಡಿದರೆ ರಿಮ್ಮಿನ ಹೊರ ಅಂಚು 32 ಮಿ.ಮೀ. ಆಚೆ ಬಂದಿದೆ, ಒಳ ಅಂಚು 6 ಮಿ.ಮೀ. ಒಳಗೆ ಹೋಗಿದೆ. ಟೈರಿನ ವ್ಯಾಸವೂ 625ರಿಂದ 637ಕ್ಕೆ ಏರಿದೆ. ಹಾಗಾಗಿ ಫೆಂಡರ್ ಮತ್ತು ಟೈರಿನ ನಡುವಿನ ಸಂದು ಕಡಿಮೆಯಾಗಿದ್ದು 40 ಅಲ್ಲ, 46 ಮಿ.ಮೀ. ಇಷ್ಟಾದ ಮೇಲೆ ಉಜ್ಜದೆ ಇದ್ದರೇ ಆಶ್ಚರ್ಯ.

ಈಗ ಒಂದು ಪರೀಕ್ಷೆ. ಮುಂದಿನ ಶಾಕಿನ ಧೂಳಿನ ರಬ್ಬರ್ ಮೇಲಕ್ಕೆ ಸರಿಸಿ. ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಶಾಕಿನ ಬಾಡಿಗೆ ತಾಗುವವರೆಗೆ ಕೆಳಗೆ ತಳ್ಳಿ. ಹತ್ತು ನಿಮಿಷ ನೀವು ದಿನಾ ಓಡಿಸುವ ರೋಡಲ್ಲೇ ಓಡಿಸಿ. ಗುಂಡಿ ಹುಡುಕಿಕೊಂಡು ಹೋಗಬೇಡಿ. ಬಂದು ನೋಡಿ, ಟೈ ಎಲ್ಲಿವರೆಗೆ ಹೋಗಿದೆ ಅಂತ. ಶಾಕ್ ಎಷ್ಟು ಕುಗ್ಗಿತು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ತೋಳು) ಬೋಲ್ಟ್ ಸಡಿಲ ಮಾಡಿದ್ದಿರಾ? ಮತ್ತೆ ಬಿಗಿ ಮಾಡುವಾಗ ಗಾಡಿ ಜಾಕ್ ಮೇಲಿತ್ತಾ, ನೆಲದ ಮೇಲಿತ್ತಾ?

ಕೆಂಪುಕೂಪೆ:
ಟೈ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್) ಒಳಗೇ ಹೋಗಿ ಕೂತಿದೆ! ಎರಡೂ ಕಡೆ. ಅದೂ ನುಣ್ಣಗಿರೋ ರೋಡಲ್ಲಿ.

ಬೋಲ್ಟ್ ಸಡಿಲ ಮಾಡಿದ್ದೆ. ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿದೆ. ಅದು ತಪ್ಪಾ?

ಹಳೇಸ್ಪ್ಯಾನರ್:
ತಪ್ಪೇ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಆರ್ಮಿನ ಕೀಲಿನಲ್ಲಿರುವ ಬುಷ್ಷಿನ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿಸಿದ ಮೇಲೆ ಅದು ಸದಾ ತಿರುಚಿಕೊಂಡೇ ಇರುತ್ತದೆ. ಬಟ್ಟೆ ಹಿಂಡಿ ಹಾಗೇ ಹಿಡಿದ ಹಾಗೆ. ಗಾಡಿಯೂ ಗಟ್ಟಿ, ಬುಷ್ಷೂ ಬೇಗ ಹರಿಯುತ್ತದೆ. ರ‍್ಯಾಂಪ್ ಮೇಲೆ ಹತ್ತಿಸಿ, ಭಾರ ಪೂರ್ತಿ ಚಕ್ರದ ಮೇಲಿದ್ದಾಗ ಸಡಿಲ ಮಾಡಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಕುಣಿಸಿ, ಆಮೇಲೆ ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ ಬಿಗಿ ಮಾಡಿ.

ಕುಪ್ಪಳಿಸೋಕೆ ಮುಖ್ಯ ಕಾರಣ ಬಂಪ್ ಸ್ಟಾಪ್. ಈಗ ನೀವು ಸ್ಪ್ರಿಂಗ್ ಮೇಲೆ ಓಡಿಸುತ್ತಿಲ್ಲ, ಬಂಪ್ ಸ್ಟಾಪ್ ಮೇಲೆ ಓಡಿಸುತ್ತಿದ್ದೀರಿ. ತಿರುವಿನ ಮಧ್ಯೆ ಅದಕ್ಕೆ ಹೊಡೆದರೆ ಆ ಮೂಲೆ ದಿಢೀರ್ ಗಟ್ಟಿಯಾಗಿ ಹಿಡಿತ ಹೋಗುತ್ತದೆ. ಹುಷಾರು.

ಸಂಜೆಸವಾರಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇಳಿಸಿದರೆ ಗಾಡಿ ತಿರುವಿನಲ್ಲಿ ಕಡಿಮೆ ವಾಲಬೇಕಲ್ವಾ? ನನ್ನದು ಜಾಸ್ತಿ ವಾಲುತ್ತಿದೆ ಅನಿಸುತ್ತದೆ.

ಹಳೇಸ್ಪ್ಯಾನರ್:
ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿ) ಇರುವ ಗಾಡಿಗಳಲ್ಲಿ ಹಾಗಾಗಬಹುದು. ಇಳಿಸುತ್ತಾ ಹೋದ ಹಾಗೆ ಲೋವರ್ ಆರ್ಮಿನ ಹೊರ ತುದಿ ಮೇಲಕ್ಕೇಳುತ್ತದೆ. ಅದಕ್ಕೆ ಗಾಡಿಯ ಭಾರದ ಕೇಂದ್ರ ಇಳಿಯೋದಕ್ಕಿಂತ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೋ ಅದು) ಜಾಸ್ತಿ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ವಾಲಿಸುವ ಬಲ ಹೆಚ್ಚು. ಸ್ಪ್ರಿಂಗ್ ಅಷ್ಟರ ಮಟ್ಟಿಗೆ ಗಟ್ಟಿ ಇಲ್ಲದಿದ್ದರೆ ನಿಮ್ಮ ಅನಿಸಿಕೆ ಸರಿ.

ಕೆಂಪುಕೂಪೆ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ್ದಿರಾ?

ಕೆಂಪುಕೂಪೆ:
ಆಗ ಮಾಡಿಸಿರಲಿಲ್ಲ, ನಿನ್ನೆಯಷ್ಟೇ ಮಾಡಿಸಿದೆ. ಮುಂದೆ ಎರಡೂ ಚಕ್ರ ಸೇರಿ 6 ಮಿ.ಮೀ. ಟೋ ಔಟ್ (ಚಕ್ರದ ಮುಂಭಾಗ ಹೊರಕ್ಕೆ ತಿರುಗಿರೋದು) ಇತ್ತಂತೆ. ನಾನು ಕ್ಯಾಂಬರನ್ನು (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು) ಬೈದುಕೊಳ್ಳುತ್ತಿದ್ದೆ.

ಹಳೇಸ್ಪ್ಯಾನರ್:
ಎಲ್ಲರೂ ಪಾಪ ಕ್ಯಾಂಬರನ್ನೇ ಬೈಯೋದು. ಟೈರ್ ತಿನ್ನೋದು ಹೆಚ್ಚಾಗಿ ಟೋ. ಒಂದು ಚಕ್ರಕ್ಕೆ 3 ಮಿ.ಮೀ. ಅಂದರೆ ಪ್ರತಿ ಕಿಲೋಮೀಟರಿಗೂ ಟೈರ್ ಸುಮಾರು 4.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದ ಹಾಗೆ. ಎತ್ತರ ಮುಟ್ಟಿದರೆ ಟೋ ಬದಲಾಗುತ್ತದೆ. ಅಲೈನ್‌ಮೆಂಟ್ ಅದೇ ವಾರ ಆಗಲೇಬೇಕು. ಮತ್ತೆ ಯಾವಾಗಾದರೂ ಎತ್ತರ ಬದಲಿಸಿದರೆ ಇನ್ನೊಮ್ಮೆ.

ಕೆಂಪುಕೂಪೆ:
ಮೂರು ವಾರದ ನಂತರದ ಸುದ್ದಿ. ಒಂದೊಂದಾಗಿ ಮಾಡಿ ನೋಡಿದೆ. ಮೊದಲು ಹಳೇ 17 ಇಂಚಿನ ಚಕ್ರ ಹಾಕಿದೆ. ಉಜ್ಜೋದು ನಿಂತಿತು, ಕುಪ್ಪಳಿಸೋದು ಹಾಗೇ ಇತ್ತು. ನೀವು ಹೇಳಿದ್ದೇ ಸರಿ, ಟೈರಿನ ತಪ್ಪಿರಲಿಲ್ಲ. ಆಮೇಲೆ ಬುಷ್ ಬೋಲ್ಟ್ ಸರಿಮಾಡಿದೆ, ಸ್ವಲ್ಪ ಮೆತ್ತಗಾಯಿತು. ಕೊನೆಗೆ 20 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿ ಮತ್ತೆ ಅಲೈನ್‌ಮೆಂಟ್. ಕೇಬಲ್ ಟೈ ಈಗ ಬಂಪ್ ಸ್ಟಾಪಿಗಿಂತ ಒಂದು ಬೆರಳು ಕೆಳಗೆ ನಿಲ್ಲುತ್ತದೆ.

18 ಇಂಚಿನ ಆಸೆ ಇನ್ನೂ ಹೋಗಿಲ್ಲ. ಏಳೂವರೆ ಅಗಲ, ಆಫ್‌ಸೆಟ್ 48, ಟೈರ್ 215/40 ಆದರೆ?

ಹಳೇಸ್ಪ್ಯಾನರ್:
ಹೊರಗೆ 6, ಒಳಗೆ 6 ಮಿ.ಮೀ. ಅಷ್ಟೇ. ವ್ಯಾಸ 629, ಸ್ಪೀಡೋಮೀಟರಿಗೂ ಹೆಚ್ಚು ಫರಕ್ ಇಲ್ಲ. ಕೊಳ್ಳೋ ಮೊದಲು ಒಂದು ರಿಮ್ ತೂಕದ ಮಷೀನ್ ಮೇಲಿಟ್ಟು ನೋಡಿ. ಈಗಿರೋದಕ್ಕಿಂತ ಭಾರ ಇದ್ದರೆ ಬಿಟ್ಟುಬಿಡಿ.