ತುಳು, ಕೊಡವ ಮನೆಗಳ ಮಕ್ಕಳಿಗೆ ಅವರ ನಾಡಿನ ಚರಿತ್ರೆಯನ್ನು ಕಲಿಸುವವರು ಯಾರು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿರುವ ನಮ್ಮದು ತುಳು ಮಾತನಾಡುವ ಮನೆ. ಮಗಳ ಇತಿಹಾಸದ ನೋಟ್ಸ್‌ನಲ್ಲಿ 1857ರ ದಂಗೆಗೆ ಪುಟಗಟ್ಟಲೆ ವಿವರವಿದೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪನಿಯ ಧ್ವಜವನ್ನು ಇಳಿಸಿದ ಸಂಗತಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಹೆಚ್ಚು ಕಲಿಸಿ ಎಂದು ಕೇಳಲು ಕಾನೂನಿನ ಆಧಾರವಿದೆಯೇ?

ಉತ್ತರ 1: ನೇರ ಆಧಾರವಿಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಹೇಳುತ್ತದೆಯೇ ಹೊರತು, ಪಠ್ಯದಲ್ಲಿ ಯಾರ ಚರಿತ್ರೆ ಇರಬೇಕೆಂಬುದನ್ನು ಮುಟ್ಟುವುದೇ ಇಲ್ಲ. ಕರಾವಳಿಯ ಕೆಲವು ಶಾಲೆಗಳಲ್ಲಿ ತುಳುವನ್ನು ಮೂರನೇ ಭಾಷೆಯಾಗಿ ಕಲಿಯಬಹುದು, ಆದರೆ ಭಾಷೆಯ ಪೀರಿಯಡ್ ಇತಿಹಾಸದ ಪೀರಿಯಡ್ ಆಗುವುದಿಲ್ಲ.

ಉತ್ತರ 2: ಕೊಡವರ ಪಾಡೂ ಇದೇ. 1834ರಲ್ಲಿ ಬ್ರಿಟಿಷರ ವಶವಾಗಿ, ಸ್ವಾತಂತ್ರ್ಯದ ನಂತರವೂ 1956ರವರೆಗೆ ಪ್ರತ್ಯೇಕ ರಾಜ್ಯವಾಗಿಯೇ ಉಳಿದಿದ್ದ ನಾಡಿನ ಕಥೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅಷ್ಟೇಕೆ, ಬೆಂಗಳೂರಿನದೇ ಕಥೆಯೂ ಒಂದು ಭಾಷೆಯವರದಲ್ಲ: ಬಿಜಾಪುರದ ಸೈನ್ಯ 1638ರಲ್ಲಿ ಊರನ್ನು ಗೆದ್ದ ಮೇಲೆ ಇದು ಮರಾಠಾ ಸರದಾರ, ಶಿವಾಜಿಯ ತಂದೆ ಶಹಾಜಿಯ ಜಹಗೀರಾಯಿತು, ಶಹಾಜಿಯ ಇನ್ನೊಬ್ಬ ಮಗ ಏಕೋಜಿ ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನಕ್ಕೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟ 1669ರ ಶಾಸನವೂ ಇದೆ. ಮೆಟ್ರೋ ಹತ್ತಿದರೆ ಸಿಗುವ ಜಾಗ, ಆದರೂ ಶಾಲಾ ಪ್ರವಾಸವೆಂದರೆ ಮೈಸೂರೇ!

ಉತ್ತರ 3: ಪಠ್ಯಪುಸ್ತಕವನ್ನು ಹಿಗ್ಗಿಸುತ್ತಾ ಹೋದರೆ ಮಕ್ಕಳ ಗತಿಯೇನು? ಪ್ರಾಜೆಕ್ಟ್ ವಿಷಯವನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಲು ಬಿಡಿ ಎಂದು ಪೋಷಕರ ಸಭೆಯಲ್ಲಿ ಲಿಖಿತವಾಗಿ ಕೇಳಿ. ಅದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಾಗಲಾರದು.